ಹಳೆಯ 911ಕ್ಕೆ ಹೊಸ ಮುಖ

1980ರ ದಶಕದಲ್ಲಿ, ಹತ್ತು ಹದಿನೈದು ವರ್ಷ ಓಡಿದ ಪೋರ್ಷೆ 911 ಯಾರಿಗೂ ಪೂಜೆಯ ವಸ್ತುವಾಗಿರಲಿಲ್ಲ. ಅದು ಬರೀ ಹಳೇ ಕಾರು. ಶೋರೂಮಿನಲ್ಲಿ ನಿಂತ ಹೊಸ 911ರ ಮುಂದೆ ಅದು ಬಡವಾಗಿ ಕಾಣುತ್ತಿತ್ತು. ಹೊಸದನ್ನು ಕೊಳ್ಳುವ ಶಕ್ತಿ ಇಲ್ಲದ ಮಾಲೀಕರು ತಮ್ಮ ಕಾರಿನ ಬಂಪರ್, ಬಾನೆಟ್, ಮಡ್‌ಗಾರ್ಡ್ ಕಳಚಿಸಿ ಹೊಸ ಮಾದರಿಯ ಭಾಗಗಳನ್ನು ಹಾಕಿಸಿಕೊಂಡರು. ಒಳಗೆ ಹೊಸ ಸೀಟು, ಹೊಸ ಸ್ಟೀರಿಂಗ್. ಹೀಗೆ 1971ರ ಕಾರು 1985ರದ್ದರಂತೆ ರಸ್ತೆಗೆ ಇಳಿಯುತ್ತಿತ್ತು. ಇಂದು ಅವೇ ಕಾರುಗಳು ಮತ್ತೆ ಗ್ಯಾರೇಜು ಹತ್ತುತ್ತಿವೆ, ಆ ಹೊಸ ಭಾಗಗಳನ್ನೆಲ್ಲ ಕಿತ್ತು ಹಳೆಯದನ್ನು ಮರಳಿ ಕೂರಿಸಿಕೊಳ್ಳಲು. ಈ ಹೋಗಿಬರುವಿಕೆಯಲ್ಲಿ ಯಾವ ಕಾರು ಉಳಿಯಿತು, ಯಾವುದು ಕೆಟ್ಟಿತು ಎನ್ನುವುದು ಒಂದೇ ಸಂಗತಿಯ ಮೇಲೆ ನಿಂತಿದೆ: ಬೋಲ್ಟು ಬಿಚ್ಚಿದರೋ, ತಗಡು ಕತ್ತರಿಸಿದರೋ.

ಬೇರೆ ಕಾರುಗಳಲ್ಲಿ ಇಂಥ ಅದಲುಬದಲಿಗೆ ಅವಕಾಶವೇ ಕಡಿಮೆ. ಐದಾರು ವರ್ಷಕ್ಕೊಮ್ಮೆ ಮಾದರಿ ಪೂರ್ತಿ ಬದಲಾದರೆ ಹಳೆಯದರ ತೂತಿಗೆ ಹೊಸದರ ಬೋಲ್ಟು ಸೇರುವುದಾದರೂ ಹೇಗೆ? 911ರ ಕತೆಯೇ ಬೇರೆ. 1963ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ ಅದು 901 ಎಂಬ ಹೆಸರಿನಲ್ಲಿ ಕಾಣಿಸಿಕೊಂಡಿತು. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರುಗಳ ಮೇಲೆ ಫ್ರಾನ್ಸಿನಲ್ಲಿ ತನಗೆ ಹಕ್ಕಿದೆ ಎಂದು ಪ್ಯೂಜೊ ತಗಾದೆ ತೆಗೆದ ಮೇಲೆ 911 ಆಯಿತು. ಅಂದು ಸ್ಟುಟ್‌ಗಾರ್ಟ್‌ನ ಪೋರ್ಷೆಯವರು ಗೆರೆ ಎಳೆದ ಚಾವಣಿ, ಬಾಗಿಲಿನ ಆಕಾರ, ಮುಂಗಾಜಿನ ಚೌಕಟ್ಟು 1989ರವರೆಗೂ ಹೆಚ್ಚೂಕಡಿಮೆ ಹಾಗೆಯೇ ನಡೆದುಬಂದವು. 1969ರ ಮಾದರಿಯಲ್ಲಿ ಹಿಂದಿನ ಚಕ್ರಗಳನ್ನು 57 ಮಿಲಿಮೀಟರ್ ಹಿಂದಕ್ಕೆ ಸರಿಸಿದರು. ಆಗಲೂ ಮೇಲಿನ ಒಡಲು ಅದೇ. ಕಾಲು ಶತಮಾನ ಒಂದೇ ಎಲುಬುಗೂಡು ಇಟ್ಟುಕೊಂಡ ಕಾರು ಇದು, ಹಾಗಾಗಿ ಎಷ್ಟೋ ಭಾಗಗಳು ತಲೆಮಾರು ದಾಟಿ ಹೊಂದಿಕೊಳ್ಳುತ್ತವೆ.

ಹಳೆಯದು ಯಾವುದು, ಹೊಸದು ಯಾವುದು ಎಂಬ ಗೆರೆ ಬಿದ್ದದ್ದು 1974ರ ಮಾದರಿಯಲ್ಲಿ. ಗಂಟೆಗೆ ಐದು ಮೈಲಿ ವೇಗದಲ್ಲಿ ಗುದ್ದಿದರೂ ಕಾರಿಗೆ ಪೆಟ್ಟಾಗಬಾರದು ಎಂದು ಅಮೆರಿಕ ನಿಯಮ ಮಾಡಿತ್ತು. ಅದಕ್ಕಾಗಿ ಪೋರ್ಷೆ ಅಲ್ಯೂಮಿನಿಯಂ ಬಂಪರುಗಳನ್ನು ಹೊರಕ್ಕೆ ಚಾಚಿ, ಎರಡು ಬದಿಗೆ ಹಾರ್ಮೋನಿಯಂ ತಿದಿಯಂಥ ಕಪ್ಪು ರಬ್ಬರ್ ಮಡಿಕೆ ಕೊಟ್ಟಿತು. ಅಮೆರಿಕಕ್ಕೆ ಹೋಗುವ ಕಾರುಗಳಲ್ಲಿ ಬಂಪರಿನ ಹಿಂದೆ ಹೈಡ್ರಾಲಿಕ್ ಶಾಕ್ ಅಬ್ಸಾರ್ಬರ್ ಇತ್ತು. ಯುರೋಪಿನವಕ್ಕೆ ಗುದ್ದಿದರೆ ಕುಗ್ಗುವ ಕೊಳವೆ. ಬಂಪರ್ ಮೇಲಕ್ಕೆ ಬಂದದ್ದರಿಂದ ಬಾನೆಟ್ ಗಿಡ್ಡವಾಯಿತು. 1973ರವರೆಗಿನ ಉದ್ದ ಬಾನೆಟ್ಟಿನ ಕಾರು, ಆಮೇಲಿನ ಗಿಡ್ಡ ಬಾನೆಟ್ಟಿನ ಕಾರು ಎಂದು 911 ಬಲ್ಲವರು ಈಗಲೂ ಗುರುತಿಸುತ್ತಾರೆ.

ಟಿಂಕರಿಂಗ್ ಕೆಲಸದ ಕಣ್ಣಿನಿಂದ ನೋಡಿದರೆ ಈ ಕಾರಿನ ಮುಂಭಾಗಕ್ಕೂ ಹಿಂಭಾಗಕ್ಕೂ ದೊಡ್ಡ ಅಂತರವಿದೆ. ಮುಂದಿನ ಮಡ್‌ಗಾರ್ಡುಗಳು ಬೋಲ್ಟಿನ ಮೇಲೆ ನಿಂತಿವೆ. ಬಿಚ್ಚಬಹುದು, ಬೇರೆ ಹಾಕಬಹುದು, ಬೇಡವೆಂದರೆ ಮರಳಿ ಹಳೆಯದನ್ನೇ ಕೂರಿಸಬಹುದು. ಹಿಂದಿನವು ಹಾಗಲ್ಲ. ಅವು ಒಡಲಿಗೇ ವೆಲ್ಡ್ ಆದ ತಗಡು. ಮುಂದೆಯೂ ಒಂದು ತೊಡಕಿದೆ: ಬಾನೆಟ್ ಗಿಡ್ಡವಾದಾಗ ಅದರ ಬೀಗ ಕೂರುವ ಅಡ್ಡ ತಗಡಿನ ಎತ್ತರವೂ ಬದಲಾಯಿತು. ಉದ್ದ ಬಾನೆಟ್ಟಿನ ಕಾರನ್ನು ಸರಿಯಾಗಿ ಗಿಡ್ಡ ಬಾನೆಟ್ಟಿನದ್ದಾಗಿ ಮಾಡಬೇಕೆಂದರೆ ಆ ತಗಡಿಗೆ ಕೈ ಹಚ್ಚಲೇಬೇಕು.

ಜನರ ಆಸೆ ಬಂಪರಿಗೆ ನಿಲ್ಲಲಿಲ್ಲ. 1975ರ ಮಾದರಿಯಾಗಿ ಬಂದ 911 ಟರ್ಬೊ, ಅಗಲ ಸೊಂಟ ಮತ್ತು ಬೆನ್ನ ಮೇಲಿನ ದೊಡ್ಡ ರೆಕ್ಕೆಯಿಂದ ಒಂದು ಪೀಳಿಗೆಯ ಹುಡುಗರ ಕೋಣೆಯ ಗೋಡೆ ಏರಿತು. ತಮ್ಮ ಸಾಧಾರಣ 911ಕ್ಕೂ ಆ ಸೊಂಟ ಬೇಕೆಂದವರು ಹಿಂದಿನ ಮಡ್‌ಗಾರ್ಡನ್ನು ಕತ್ತರಿಸಿ, ಅಗಲದ ತಗಡನ್ನೋ, ಇನ್ನೂ ಅಗ್ಗದ ಫೈಬರ್ ಗ್ಲಾಸನ್ನೋ ಕೂರಿಸಿದರು. ಕತ್ತರಿಸಿದ ಅಂಚಿಗೆ ತುಕ್ಕು ತಡೆಯುವ ಲೇಪನ ಸರಿಯಾಗಿ ಬೀಳದಿದ್ದರೆ ಪುಟ್ಟಿಯ ಕೆಳಗೆ ನೀರು ನಿಂತು ತಗಡು ಒಳಗಿನಿಂದಲೇ ತಿಂದುಹೋಗುತ್ತದೆ. ಅದು ಕಣ್ಣಿಗೆ ಬೀಳುವುದು ವರ್ಷಗಳಾದ ಮೇಲೆ, ಬಣ್ಣ ಗುಳ್ಳೆ ಎದ್ದಾಗ. ಪೋರ್ಷೆ ಇಡೀ ಒಡಲಿಗೆ ಸತುವಿನ ಲೇಪನವಿದ್ದ ಉಕ್ಕು ಬಳಸತೊಡಗಿದ್ದು 1976ರ ಮಾದರಿಯ ಹೊತ್ತಿಗೆ. ಅದಕ್ಕಿಂತ ಹಳೆಯ ಕಾರುಗಳಿಗೆ ಅಂಥ ಪೂರ್ತಿ ರಕ್ಷಣೆ ಇಲ್ಲ. ಕತ್ತರಿ ಅವುಗಳ ಮೇಲೂ ಬಿತ್ತು. ನನಗೆ ಬೇಸರವಾಗುವುದು ಇಲ್ಲಿ.

1972ರ ಮಾದರಿಯ ಒಂದು ಗುರುತನ್ನೇ ನೋಡಿ. ಆ ವರ್ಷ ಆಯಿಲ್ ಟ್ಯಾಂಕನ್ನು ಬಲ ಹಿಂಚಕ್ರದ ಮುಂದಕ್ಕೆ ತಂದು, ಅದಕ್ಕೆ ಬಾಗಿಲಿನ ಹಿಂದೆ ಹೊರಗಿನಿಂದಲೇ ತೆರೆಯುವ ಮುಚ್ಚಳ ಇಟ್ಟರು. ಪೆಟ್ರೋಲ್ ಬಂಕಿನ ಹುಡುಗರು ಅದನ್ನೇ ಪೆಟ್ರೋಲಿನ ಮುಚ್ಚಳವೆಂದು ತಿಳಿದು ಆಯಿಲ್ ಟ್ಯಾಂಕಿಗೆ ಪೆಟ್ರೋಲ್ ಸುರಿದ ಪ್ರಸಂಗಗಳು ನಡೆದು, ಮರುವರ್ಷವೇ ಅದನ್ನು ಕೈಬಿಟ್ಟರು. ಒಂದೇ ವರ್ಷ ಬದುಕಿದ ಅಂಥ ಮುಚ್ಚಳಕ್ಕೆ, ಸೊಂಟ ಅಗಲಿಸುವ ಭರದಲ್ಲಿ, ತಗಡು ಬಡಿದು ಬಣ್ಣ ಹೊಡೆದರೆ ಕಾರಿನ ಹುಟ್ಟಿದ ಗುರುತೇ ಅಳಿಸಿಹೋಗುತ್ತದೆ.

ಒಳಾಂಗಣದ ಕತೆ ಹೆಚ್ಚು ಸೌಮ್ಯ. 911ರ ಡ್ಯಾಶ್‌ಬೋರ್ಡಿನಲ್ಲಿ ಐದು ದುಂಡು ಮೀಟರುಗಳು, ನಡುವೆ ಎಲ್ಲಕ್ಕಿಂತ ದೊಡ್ಡದಾಗಿ ಎಂಜಿನ್ನಿನ ಸುತ್ತು ತೋರಿಸುವ ಮೀಟರ್. ಈ ಸಾಲು 1998ರಲ್ಲಿ ಗಾಳಿಯಿಂದ ತಣಿಯುವ ಎಂಜಿನ್ನಿನ ಕೊನೆಯ 911, ಅಂದರೆ 993, ನಿಲ್ಲುವವರೆಗೂ ಮುಂದುವರಿಯಿತು. ಸೀಟು, ಬಾಗಿಲಿನ ಒಳಹೊದಿಕೆ, ಸ್ಟೀರಿಂಗ್ ಚಕ್ರಗಳನ್ನು ಬದಲಿಸಿದವರ ಕಾರಣಗಳೂ ನ್ಯಾಯವಾಗಿಯೇ ಇದ್ದವು. ಹಳೆಯ 911ಗಳಲ್ಲಿ ಗಾಳಿಯ ಕಿಂಡಿಗಳು ಚಿಕ್ಕವು. 1986ರ ಮಾದರಿಯಲ್ಲಿ ಅವನ್ನು ದೊಡ್ಡದು ಮಾಡಿದರು. ಕ್ಯಾಲಿಫೋರ್ನಿಯದ ಬೇಸಿಗೆಯಲ್ಲಿ ಬೆವರುತ್ತ ಕಾರು ಓಡಿಸುವವನಿಗೆ ಆ ಹೊಸ ಡ್ಯಾಶ್‌ಬೋರ್ಡ್ ಬರೀ ಶೋಕಿಯಾಗಿರಲಿಲ್ಲ.

ಆದರೆ ಕಣ್ಣಿಗೆ ಒಂದೇ ಥರ ಕಂಡ ಮಾತ್ರಕ್ಕೆ ಮೀಟರುಗಳು ಕೆಲಸ ಮಾಡಲಾರವು. ಹಳೆಯ 911ರ ವೇಗದ ಮೀಟರ್ ಗೇರ್‌ಬಾಕ್ಸಿನಿಂದ ಬರುವ ತಿರುಗುವ ಕೇಬಲ್ಲಿನಿಂದ ನಡೆಯುತ್ತದೆ. 1976ರಿಂದ ಅದು ವಿದ್ಯುತ್ ಸಂಕೇತದಿಂದ ನಡೆಯುತ್ತದೆ. ಹೊಸ ಮೀಟರನ್ನು ಹಳೆಯ ತೂತಿಗೆ ಸಲೀಸಾಗಿ ಕೂರಿಸಬಹುದು, ಮುಳ್ಳು ಮಾತ್ರ ಕದಲುವುದಿಲ್ಲ. ಏರ್‌ಬ್ಯಾಗ್ ಇರುವ ಸ್ಟೀರಿಂಗ್ ವಿಚಾರ ಇನ್ನೂ ಗಂಭೀರ. 1989ರ ಮಾದರಿಯಾಗಿ ಬಂದ 911ರ 964 ಪೀಳಿಗೆಗೆ ನಂತರ ಏರ್‌ಬ್ಯಾಗ್ ಬಂತು. ಆ ಚಕ್ರವನ್ನು ಕಿತ್ತು, ಡಿಕ್ಕಿಯನ್ನು ಗ್ರಹಿಸುವ ಸೆನ್ಸರ್ ಇಲ್ಲದ ಹಳೆಯ ಕಾರಿಗೆ ಹಾಕಿದರೆ ಅಪಘಾತದಲ್ಲಿ ಅದು ತೆರೆದುಕೊಳ್ಳುವುದಿಲ್ಲ. ಕಾಪಾಡುತ್ತದೆಂಬ ಸುಳ್ಳು ಭರವಸೆಯನ್ನು ಎದೆಯ ಮುಂದೆ ಇಟ್ಟುಕೊಂಡು ಓಡಿಸಿದ ಹಾಗಾಗುತ್ತದೆ. ಸಿಡಿಯುವ ರಾಸಾಯನಿಕ ಒಳಗಿರುವ ಆ ಭಾಗವನ್ನು ಬಲ್ಲವರಲ್ಲದೆ ಯಾರೂ ಮುಟ್ಟಕೂಡದು.

ಆಮೇಲೆ ಅಭಿರುಚಿಯ ಗಾಳಿ ತಿರುಗಿತು. ಉದ್ದ ಬಾನೆಟ್ಟಿನ ಕಾರುಗಳಿಗೆ, ಅದರಲ್ಲೂ 1973ರ ಕರೇರಾ ಆರ್‌ಎಸ್ 2.7ಕ್ಕೆ, ಕೈಗೆಟುಕದ ಬೆಲೆ ಬಂತು. ಈಗ 1980ರ ದಶಕದ ಗಟ್ಟಿಮುಟ್ಟಾದ ಕರೇರಾ 3.2, ಅದರಾಚೆಯ 964 ಕಾರುಗಳನ್ನು 1973ರದ್ದರಂತೆ ಮಾಡುವುದು ರೂಢಿ. ಕ್ಯಾಲಿಫೋರ್ನಿಯದಲ್ಲಿ 2009ರಲ್ಲಿ ರಾಬ್ ಡಿಕಿನ್ಸನ್ ಕಟ್ಟಿದ ಸಿಂಗರ್ ಸಂಸ್ಥೆ 964ರ ಒಡಲಿಗೆ ಕಾರ್ಬನ್ ಫೈಬರಿನ ಹಳೆಯ ಚಹರೆ ತೊಡಿಸಿ ಇದನ್ನೊಂದು ಕಲೆಯ ಮಟ್ಟಕ್ಕೇರಿಸಿದೆ. ಅವರ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಆದರೆ ಚೆನ್ನಾಗಿರುವ 964ರ ತಗಡು ಕಿತ್ತು 1973ರ ವೇಷ ಹಾಕುವುದು, 1971ರ ಕಾರನ್ನು ಕತ್ತರಿಸಿ ಟರ್ಬೊ ವೇಷ ಹಾಕಿದ್ದಕ್ಕಿಂತ ಬೇರೆಯೇನಲ್ಲ. ಅಂದು ಸಾಧಾರಣವಾಗಿದ್ದ ಉದ್ದ ಬಾನೆಟ್ಟಿಗೆ ಇಂದು ಬಂದಿರುವ ಮರ್ಯಾದೆ ನಾಳೆ 964ರ ಬಂಪರಿಗೂ ಬಂದೀತು.

ಈ ವಿಷಯದಲ್ಲಿ ಜರ್ಮನಿಯ ನಿಯಮ ನನಗೆ ವಿವೇಕದ್ದಾಗಿ ಕಾಣುತ್ತದೆ. ಮೂವತ್ತು ವರ್ಷ ದಾಟಿದ ಕಾರಿಗೆ ಅಲ್ಲಿ ‘ಎಚ್’ ಅಕ್ಷರದ ಪಾರಂಪರಿಕ ನಂಬರ್ ಪ್ಲೇಟ್ ಸಿಗುತ್ತದೆ. ಅದಕ್ಕೆ ಕಾರು ಮೂಲರೂಪಕ್ಕೆ ಹತ್ತಿರವಿರಬೇಕು, ಆದರೆ ಮೊದಲ ನೋಂದಣಿಯಾದ ಹತ್ತು ವರ್ಷದೊಳಗೆ ನಡೆದ, ಇಲ್ಲವೇ ಆಗ ನಡೆಯಬಹುದಾಗಿದ್ದ ಬದಲಾವಣೆಗಳನ್ನೂ ಒಪ್ಪುತ್ತಾರೆ. ಕಾಲಕ್ಕೆ ತಕ್ಕಂತೆ ಮಾಲೀಕ ಮಾಡಿಸಿದ್ದೂ ಕಾರಿನ ಚರಿತ್ರೆಯ ಭಾಗವೇ ಎಂಬ ತಿಳಿವಳಿಕೆ ಅದರಲ್ಲಿದೆ. 1980ರ ದಶಕದಲ್ಲಿ ಅಚ್ಚುಕಟ್ಟಾಗಿ ಹೊಸ ಮುಖ ಪಡೆದ 911 ಸಿಕ್ಕರೆ, ಅದನ್ನು ಹಳೆಯ ರೂಪಕ್ಕೆ ತಿರುಗಿಸಲು ಅವಸರಪಡಬೇಕಾಗಿಲ್ಲ.

ಪೋರ್ಷೆಯ ಮ್ಯೂಸಿಯಂಗೆ 2014ರಲ್ಲಿ ಸಿಕ್ಕ 300.057 ಎಂಬ ಚಾಸಿಸ್ ನಂಬರಿನ ಕೆಂಪು 901ರ ಕತೆಯನ್ನೂ ಇಲ್ಲಿ ನೆನೆಯಬೇಕು. 1964ರಲ್ಲಿ ತಯಾರಾದ ಆ ಕಾರು ತುಕ್ಕಿನ ಗೂಡಾಗಿತ್ತು, ಮುಂದಿನ ಮಡ್‌ಗಾರ್ಡುಗಳೇ ಇರಲಿಲ್ಲ. ಅವರು ಸುಲಭಕ್ಕೆ ಸಿಗುವ ನಂತರದ ಕಾಲದ ಭಾಗ ಹಾಕಲಿಲ್ಲ. ಅದೇ ಕಾಲದ ಇನ್ನೊಂದು ಒಡಲಿನ ತಗಡು ಹುಡುಕಿ ಜೋಡಿಸಿದರು. ಕೆಲಸ ಮುಗಿಯಲು ಮೂರು ವರ್ಷ ಹಿಡಿಯಿತು. ಇದೇ ಕಂಪನಿ 2020ರಲ್ಲಿ, ಹಳೆಯ 911ರ ರೇಡಿಯೊ ಕಿಂಡಿಗೆ ಸರಿಯಾಗಿ ಕೂರುವ, ಫೋನಿಗೆ ಜೋಡಿಸಬಹುದಾದ ಹೊಸ ಸಾಧನವನ್ನೂ ಮಾರಾಟಕ್ಕಿಟ್ಟಿತು. ಇವೆರಡರ ನಡುವೆ ವಿರೋಧ ಕಾಣುವುದಿಲ್ಲ ನನಗೆ. ಬಿಚ್ಚಿದರೆ ಬರುವಂಥದ್ದು ಹೊಸದಾದರೆ ಆಗಲಿ, ಒಡಲು ಹುಟ್ಟಿದ ಹಾಗೆ ಇರಲಿ.

ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರಿಗೆ, ಅದು ಯಾವ ಊರಿನಲ್ಲಿರಲಿ, ಯಾವ ಕಂಪನಿಯದ್ದಾಗಲಿ, ನನ್ನ ವಿನಂತಿ ಇಷ್ಟೇ. ಕಳಚಿದ ಬಂಪರು, ಸೀಟು, ಮೀಟರುಗಳನ್ನು ಗುಜರಿಗೆ ಹಾಕಬೇಡಿ. ಚೀಟಿ ಅಂಟಿಸಿ ಅಟ್ಟದ ಮೇಲಿಡಿ, ಕಾರು ಮಾರುವ ದಿನ ಅದರ ಜೊತೆಗೇ ಕೊಟ್ಟುಬಿಡಿ. ಕೊಳ್ಳುವವರು ಹೊಳೆಯುವ ಬಣ್ಣ ನೋಡುವ ಮೊದಲು ಬಾನೆಟ್ ಎತ್ತಿ ಚಾಸಿಸ್ ನಂಬರ್ ಓದಿ, ಹಿಂದಿನ ಮಡ್‌ಗಾರ್ಡಿನ ಒಳಭಾಗಕ್ಕೆ ಕೈ ಹಾಕಿ ವೆಲ್ಡಿಂಗಿನ ಗೆರೆ ಎಲ್ಲಿದೆ ಎಂದು ತಡವಿ ನೋಡಿ.