ನೆನಪಿನ ನೆಲೆಯ ಶೋಧ: ನರವಿಜ್ಞಾನದಲ್ಲಿ ಒಂದು ಪಿಎಚ್.ಡಿ. ಅಧ್ಯಯನ

ನರಮಂಡಲದ ಪಾಠ ಬಂದಾಗ ಪ್ರೌಢಶಾಲೆಯ ವಿದ್ಯಾರ್ಥಿಗಳು ಮಿದುಳಿನ ಚಿತ್ರ ಬರೆದು ಅದರ ಭಾಗಗಳನ್ನು ಗುರುತಿಸುತ್ತಾರೆ. ಪ್ರತಿಯೊಂದು ಭಾಗದ ಕಾರ್ಯವನ್ನು ಕಂಠಪಾಠ ಮಾಡುತ್ತಾರೆ. ಈ ಭಾಗ ಈ ಕೆಲಸವನ್ನೇ ಮಾಡುತ್ತದೆಂಬುದು ಹೇಗೆ ತಿಳಿಯಿತೆಂದು ವಿದ್ಯಾರ್ಥಿಯೊಬ್ಬ ಕೇಳಿದರೆ, ಪಠ್ಯದಲ್ಲಿ ಉತ್ತರ ದೊರೆಯುವುದು ವಿರಳ. ಉತ್ತರವಿರುವುದು ವಿಶ್ವವಿದ್ಯಾಲಯಗಳ ಸಂಶೋಧನೆಯಲ್ಲಿ. ಅಂತಹ ಒಂದು ಸಂಶೋಧನೆ ನಡೆದ ಬಗೆಯನ್ನು ತಿಳಿದುಕೊಂಡರೆ ಪಾಠಕ್ಕೂ ಜೀವ ಬರುತ್ತದೆ, ಕಲಿಕೆಯ ಬಗ್ಗೆ ಶಿಕ್ಷಕರ ತಿಳಿವಳಿಕೆಯೂ ವಿಸ್ತರಿಸುತ್ತದೆ.

ಪಿಎಚ್.ಡಿ. ಅಧ್ಯಯನದ ಸ್ವರೂಪ

ಸ್ನಾತಕೋತ್ತರ ಪದವಿಯವರೆಗಿನ ಓದು ಬಹುಮಟ್ಟಿಗೆ ಈಗಾಗಲೇ ತಿಳಿದಿರುವುದರ ಓದು. ಪಿಎಚ್.ಡಿ. ಹಾಗಲ್ಲ. ಅಲ್ಲಿ ವಿದ್ಯಾರ್ಥಿಯು ಯಾರಿಗೂ ಉತ್ತರ ತಿಳಿಯದ ಪ್ರಶ್ನೆಯೊಂದನ್ನು ಆರಿಸಿಕೊಂಡು, ಮಾರ್ಗದರ್ಶಕರ ಮೇಲ್ವಿಚಾರಣೆಯಲ್ಲಿ ಹಲವು ವರ್ಷ ದುಡಿದು, ಮಹಾಪ್ರಬಂಧವನ್ನು ಬರೆದು, ತಜ್ಞರ ಮುಂದೆ ಅದನ್ನು ಸಮರ್ಥಿಸಬೇಕು. ನರವಿಜ್ಞಾನದಲ್ಲಿ ಆ ಪ್ರಶ್ನೆ ಒಂದು ನರಕೋಶದ ಬಗ್ಗೆ ಇರಬಹುದು. ನೋಟ, ಭಾಷೆ, ನೆನಪು, ನಿದ್ರೆಗಳ ಬಗ್ಗೆಯೂ ಇರಬಹುದು. ಹೀಗಾಗಿ ಜೀವವಿಜ್ಞಾನ ಓದಿದವರಷ್ಟೇ ಅಲ್ಲ, ವೈದ್ಯಕೀಯ, ಭೌತವಿಜ್ಞಾನ, ಗಣಿತ, ಎಂಜಿನಿಯರಿಂಗ್, ಮನೋವಿಜ್ಞಾನಗಳನ್ನು ಓದಿದವರೂ ಈ ಕ್ಷೇತ್ರಕ್ಕೆ ಬರುತ್ತಾರೆ.

ಮಾಂಟ್ರಿಯಲ್‌ನ ಸಂಶೋಧನಾ ವಿದ್ಯಾರ್ಥಿನಿ

ಬ್ರೆಂಡಾ ಮಿಲ್ನರ್ 1918ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಜನಿಸಿದರು. ಗಣಿತ ಓದಲೆಂದು ಕೇಂಬ್ರಿಜ್ ಸೇರಿದವರು ಅಲ್ಲಿ ಮನೋವಿಜ್ಞಾನದ ಕಡೆಗೆ ತಿರುಗಿದರು. 1944ರಲ್ಲಿ ಪತಿಯೊಡನೆ ಕೆನಡಾಕ್ಕೆ ತೆರಳಿ, ಮಾಂಟ್ರಿಯಲ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕಿಯಾದರು. ಅಲ್ಲಿನ ಬೋಧನಾ ಭಾಷೆ ಫ್ರೆಂಚ್; ತಮ್ಮದಲ್ಲದ ಆ ಭಾಷೆಯಲ್ಲಿಯೇ ಅವರು ಪಾಠ ಹೇಳಿದರು. ಮೂವತ್ತು ವರ್ಷ ದಾಟಿದ ಮೇಲೆ, ಅಧ್ಯಾಪನದ ಜೊತೆಗೇ, ಅದೇ ನಗರದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಹೆಬ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆಗೆ ತೊಡಗಿದರು.

ಮಾಂಟ್ರಿಯಲ್ ನರವಿಜ್ಞಾನ ಸಂಸ್ಥೆಯಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಶಸ್ತ್ರವೈದ್ಯರು, ಔಷಧಕ್ಕೆ ಬಗ್ಗದ ಮೂರ್ಛೆರೋಗವಿದ್ದವರ ಮಿದುಳಿನಿಂದ ರೋಗಪೀಡಿತ ಅಂಶವನ್ನು ತೆಗೆದು ಗುಣಪಡಿಸಲು ಯತ್ನಿಸುತ್ತಿದ್ದರು. ಹೆಬ್ ತಮ್ಮ ವಿದ್ಯಾರ್ಥಿನಿಯನ್ನು ಅಲ್ಲಿಗೆ ಕಳುಹಿಸಿದರು. ಕಿವಿಯ ನೇರಕ್ಕೆ, ಒಳಭಾಗದಲ್ಲಿರುವ ಟೆಂಪೊರಲ್ ಹಾಲೆಗೆ ಹಾನಿಯಾದಾಗ ಬುದ್ಧಿಯ ಯಾವ ಸಾಮರ್ಥ್ಯ ಕುಂದುತ್ತದೆಂಬುದು ಮಿಲ್ನರ್ ಅವರ ಪ್ರಶ್ನೆ. ಚಿತ್ರವೊಂದರಲ್ಲಿ ಯಾವುದು ಅಸಂಗತವೆಂದು ಗುರುತಿಸುವಂತಹ ಸರಳ ಪರೀಕ್ಷೆಗಳೇ ಅವರ ಸಾಧನಗಳು. 1952ರಲ್ಲಿ ಅವರಿಗೆ ಪಿಎಚ್.ಡಿ. ದೊರೆಯಿತು.

ಒಂದು ಊಹೆ, ಹಲವು ವರ್ಷಗಳ ಕಾಯುವಿಕೆ

ಆ ವರ್ಷಗಳಲ್ಲಿಯೇ ಅನಿರೀಕ್ಷಿತವಾದುದೊಂದು ಎದುರಾಯಿತು. ಮಿದುಳಿನ ಒಂದು ಪಕ್ಕದಲ್ಲಿ ಮಾತ್ರ ಶಸ್ತ್ರಕ್ರಿಯೆಗೊಳಗಾದ ಇಬ್ಬರು ರೋಗಿಗಳಿಗೆ ಹೊಸ ಸಂಗತಿಗಳು ನೆನಪಿನಲ್ಲಿ ಉಳಿಯದಾದವು. ಇತರ ರೋಗಿಗಳಲ್ಲಿ ಹೀಗಾಗಿರಲಿಲ್ಲ. ಈ ಇಬ್ಬರ ಮಿದುಳಿನ ಇನ್ನೊಂದು ಪಕ್ಕದ ಹಿಪ್ಪೊಕ್ಯಾಂಪಸ್ ಮೊದಲೇ ಹಾಳಾಗಿದ್ದಿರಬೇಕು. ಶಸ್ತ್ರಕ್ರಿಯೆಯಿಂದ ಎರಡೂ ಪಕ್ಕಗಳು ಇಲ್ಲವಾದಂತಾಗಿರಬೇಕು ಎಂದು ಪೆನ್‌ಫೀಲ್ಡ್ ಮತ್ತು ಮಿಲ್ನರ್ ಊಹಿಸಿದರು. ಆಗ ಅದನ್ನು ಸಾಬೀತುಪಡಿಸುವ ದಾರಿಯಿರಲಿಲ್ಲ. ವರ್ಷಗಳ ಅನಂತರ ಅವರಲ್ಲೊಬ್ಬರು ಬೇರೊಂದು ಕಾರಣದಿಂದ ತೀರಿಕೊಂಡಾಗ, ಮರಣೋತ್ತರ ಪರೀಕ್ಷೆಯು ಆ ಊಹೆಯನ್ನು ನಿಜವೆಂದು ತೋರಿಸಿತು.

ಈ ಇಬ್ಬರ ವರದಿಯನ್ನು ಕಂಡ ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಸ್ಕೋವಿಲ್, ತಮ್ಮ ರೋಗಿಯೊಬ್ಬರಲ್ಲಿಯೂ ಇಂತಹುದೇ ಮರೆವು ಉಂಟಾಗಿರುವುದಾಗಿ ತಿಳಿಸಿದರು. 1955ರಲ್ಲಿ ಮಿಲ್ನರ್ ರೈಲು ಹತ್ತಿ ಹಾರ್ಟ್‌ಫರ್ಡ್ ನಗರಕ್ಕೆ ಹೋದರು.

ಎಚ್.ಎಂ.

ವಿಜ್ಞಾನ ಸಾಹಿತ್ಯದಲ್ಲಿ ಎಚ್.ಎಂ. ಎಂಬ ಎರಡೇ ಅಕ್ಷರಗಳಿಂದ ಪರಿಚಿತರಾದ ಆ ರೋಗಿಗೆ 1953ರಲ್ಲಿ, ತಮ್ಮ 27ನೆಯ ವಯಸ್ಸಿನಲ್ಲಿ, ಮಿದುಳಿನ ಎರಡೂ ಪಕ್ಕಗಳಲ್ಲಿ ಶಸ್ತ್ರಕ್ರಿಯೆಯಾಗಿತ್ತು. ಮೂರ್ಛೆಯೇನೋ ಬಹಳ ಕಡಿಮೆಯಾಯಿತು. ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಅವರು ಸರಾಸರಿಗಿಂತ ಹೆಚ್ಚು ಅಂಕ ಪಡೆಯುತ್ತಿದ್ದರು, ಬಾಲ್ಯದ ನೆನಪುಗಳಿದ್ದವು, ಮಾತು ಸರಾಗವಾಗಿತ್ತು. ಆದರೆ ಈಗಷ್ಟೇ ಭೇಟಿಯಾದವರು ಹೊರಗೆ ಹೋಗಿ ಮರಳಿ ಬಂದರೆ ಅವರು ಅಪರಿಚಿತರಾಗಿಬಿಡುತ್ತಿದ್ದರು. ಒಮ್ಮೆ 584 ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಳ್ಳುವಂತೆ ಹೇಳಿದಾಗ, ಅಂಕಿಗಳನ್ನು ಮನಸ್ಸಿನಲ್ಲಿಯೇ ಸತತವಾಗಿ ಹೊಂದಿಸಿಕೊಳ್ಳುತ್ತ ಸುಮಾರು 15 ನಿಮಿಷ ಅದನ್ನು ಹಿಡಿದಿಟ್ಟುಕೊಂಡರು. ಗಮನ ಬೇರೆಡೆಗೆ ಸರಿದೊಡನೆ ಸಂಖ್ಯೆಯೂ ಹೋಯಿತು, ಸಂಖ್ಯೆಯೊಂದನ್ನು ಹೇಳಲಾಗಿತ್ತೆಂಬ ನೆನಪೂ ಹೋಯಿತು.

ಮಿಲ್ನರ್ ಅವರಿಗೆ ಮತ್ತೊಂದು ಪರೀಕ್ಷೆಯನ್ನು ಒಡ್ಡಿದರು. ಜೋಡಿ ಗೆರೆಗಳಿಂದ ಬರೆದ ನಕ್ಷತ್ರದ ಚಿತ್ರ. ಆ ಎರಡು ಗೆರೆಗಳ ನಡುವೆಯೇ ಪೆನ್ಸಿಲು ಸಾಗಬೇಕು. ಆದರೆ ಕೈಯನ್ನೂ ಚಿತ್ರವನ್ನೂ ಕನ್ನಡಿಯಲ್ಲಿ ಮಾತ್ರ ನೋಡಬೇಕು. ಮೊದಲಿಗೆ ಎಲ್ಲರಂತೆ ಅವರ ಕೈಯೂ ತಪ್ಪಿತು. ಮೂರು ದಿನಗಳ ಅಭ್ಯಾಸದಲ್ಲಿ ತಪ್ಪುಗಳು ಇಳಿಯುತ್ತ ಬಂದವು. ಮೂರನೆಯ ದಿನ ಕೈ ನಿರಾಯಾಸವಾಗಿ ಸಾಗುತ್ತಿದ್ದರೂ, ಈ ಕೆಲಸವನ್ನು ಹಿಂದೆಂದೂ ಮಾಡಿದ ನೆನಪು ಅವರಿಗಿರಲಿಲ್ಲ. ಮನಸ್ಸು ಮರೆತುದನ್ನು ಕೈ ಕಲಿತಿತ್ತು. ನೆನಪು ಒಂದೇ ಶಕ್ತಿಯಲ್ಲ. ಸಂಗತಿಗಳ ನೆನಪಿಗೆ ಹಿಪ್ಪೊಕ್ಯಾಂಪಸ್ ಅಗತ್ಯ, ಕೈಯ ಕೌಶಲಕ್ಕೆ ಮಿದುಳಿನ ಬೇರೆ ಭಾಗಗಳಿವೆ ಎಂಬುದಕ್ಕೆ ಇದು ಗಟ್ಟಿಯಾದ ಆಧಾರವಾಯಿತು.

ಈ ಜ್ಞಾನಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಮನುಷ್ಯನೊಬ್ಬನ ಮುಂದಿನ 55 ವರ್ಷಗಳ ನೆನಪು ಅದರ ಹಿಂದಿದೆ. 1957ರಲ್ಲಿ ಸ್ಕೋವಿಲ್ ಮತ್ತು ಮಿಲ್ನರ್ ಪ್ರಕಟಿಸಿದ ಪ್ರಬಂಧ, ಎರಡೂ ಪಕ್ಕಗಳ ಇಂತಹ ಶಸ್ತ್ರಕ್ರಿಯೆಯ ವಿರುದ್ಧ ಇತರ ವೈದ್ಯರಿಗೆ ಎಚ್ಚರಿಕೆಯೂ ಆಯಿತು. ಹೆನ್ರಿ ಮೊಲೈಸನ್ ಎಂಬ ಅವರ ಪೂರ್ಣ ಹೆಸರು ಬಹಿರಂಗವಾದುದು 2008ರಲ್ಲಿ, ಅವರು ತೀರಿಕೊಂಡ ಬಳಿಕ. ಅವರನ್ನು ಹಲವು ದಶಕ ಅಧ್ಯಯನ ಮಾಡಿದ ಸೂಸನ್ ಕಾರ್ಕಿನ್ ಕೂಡ ಮ್ಯಾಕ್‌ಗಿಲ್‌ನಲ್ಲಿ ಮಿಲ್ನರ್ ಅವರ ಪಿಎಚ್.ಡಿ. ವಿದ್ಯಾರ್ಥಿನಿಯಾಗಿದ್ದವರು.

ಶಿಕ್ಷಕರು ಗಮನಿಸಬೇಕಾದ ಅಂಶಗಳು

ತರಗತಿಯ ಮಕ್ಕಳು ಎಚ್.ಎಂ. ಅವರಂತಹ ರೋಗಿಗಳಲ್ಲ, ಅವರ ಸ್ಥಿತಿಯನ್ನು ಮಕ್ಕಳ ಸಾಮಾನ್ಯ ಮರೆವಿಗೆ ನೇರವಾಗಿ ಹೋಲಿಸುವುದು ಸರಿಯಾಗದು. ಆದರೂ ಒಂದು ತಿಳಿವಳಿಕೆ ಉಪಯುಕ್ತ. ಬರವಣಿಗೆಯ ಪರೀಕ್ಷೆಯು ಮುಖ್ಯವಾಗಿ ಹೇಳಬಲ್ಲ ನೆನಪನ್ನು ಅಳೆಯುತ್ತದೆ. ನೇಯ್ಗೆ, ಈಜು, ವಾದ್ಯ, ಚಿತ್ರಗಳಲ್ಲಿ ಪಳಗಿದ ಮಗುವಿನ ಕಲಿಕೆ ಅಲ್ಲಿ ಕಾಣಿಸಿಕೊಳ್ಳುವುದಿಲ್ಲ. ಒಂದು ಪರೀಕ್ಷೆಯ ಅಂಕವನ್ನು ಹಿಡಿದು ಮಗುವಿಗೆ ಮರೆಗುಳಿಯೆಂದೋ ದಡ್ಡನೆಂದೋ ಹೆಸರಿಡುವುದಕ್ಕೆ ಆಧಾರವಿಲ್ಲ.

ಎರಡನೆಯದು ವಿದ್ಯಾರ್ಥಿಗಳ ಮುಂದಿನ ದಾರಿಗೆ ಸಂಬಂಧಿಸಿದುದು. ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಓದುವ ಮಕ್ಕಳಿಗೆ ಸಂಶೋಧನೆಯೆಂಬುದು ತಮ್ಮದಲ್ಲದ ಲೋಕವೆಂದು ತೋರುವುದು ಸಹಜ. ನರವಿಜ್ಞಾನದ ಪಿಎಚ್.ಡಿ. ಅಧ್ಯಯನಕ್ಕೆ ಬೆಂಗಳೂರಿನಲ್ಲಿಯೇ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ನಿಮ್ಹಾನ್ಸ್‌ಗಳಲ್ಲಿ ಅವಕಾಶವಿದೆ. ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಗಳ ಮೂಲಕ ಸಂಶೋಧನಾ ಶಿಷ್ಯವೇತನವೂ ದೊರೆಯುತ್ತದೆ. ಅಲ್ಲಿನ ವ್ಯವಹಾರ ಇಂಗ್ಲಿಷಿನಲ್ಲಿ ನಡೆಯುವುದು ನಿಜ. ಅದನ್ನು ಮಕ್ಕಳಿಂದ ಮರೆಮಾಚಬಾರದು. ಮಿಲ್ನರ್ ಫ್ರೆಂಚಿನಲ್ಲಿ ಬೋಧಿಸಿದಂತೆ, ಇನ್ನೊಂದು ಭಾಷೆಯನ್ನು ಮುಂದೆ ರೂಢಿಸಿಕೊಳ್ಳಬಹುದು. ಪ್ರಶ್ನೆ ಕೇಳುವ ಅಭ್ಯಾಸ ಮಾತ್ರ ತಾಯ್ನುಡಿಯ ತರಗತಿಯಲ್ಲಿಯೇ ಆರಂಭವಾಗಬೇಕು.

ತರಗತಿಯ ಚಟುವಟಿಕೆ

ಒಂದು ಸೆಂಟಿಮೀಟರ್ ಅಂತರದ ಜೋಡಿ ಗೆರೆಗಳಿಂದ ನಕ್ಷತ್ರವನ್ನು ಬರೆದು, ಅದರ ಮುಂದೆ ಕನ್ನಡಿಯನ್ನು ನೆಟ್ಟಗೆ ನಿಲ್ಲಿಸಬೇಕು. ಕೈ ನೇರವಾಗಿ ಕಾಣದಂತೆ ಪುಸ್ತಕವೊಂದನ್ನು ಅಡ್ಡ ಹಿಡಿಯಬೇಕು. ಪ್ರತಿ ವಿದ್ಯಾರ್ಥಿಯು ದಿನಕ್ಕೆ ಐದು ಬಾರಿಯಂತೆ ಮೂರು ದಿನ ಯತ್ನಿಸಲಿ. ಗೆರೆ ದಾಟಿದ ಪ್ರತಿ ಸಲವನ್ನೂ ಜೊತೆಗಾರ ಎಣಿಸಿ ಬರೆದುಕೊಳ್ಳಲಿ. ಕೊನೆಗೆ ತಪ್ಪುಗಳ ಸಂಖ್ಯೆಯನ್ನು ನಕ್ಷೆಯಲ್ಲಿ ಗುರುತಿಸಿ, ತನ್ನ ಕೈ ಹೇಗೆ ಸುಧಾರಿಸಿತೆಂಬುದನ್ನು ಪ್ರತಿಯೊಬ್ಬರೂ ಕನ್ನಡದಲ್ಲಿ ಐದು ವಾಕ್ಯಗಳಲ್ಲಿ ವಿವರಿಸಲಿ. ನಕ್ಷೆ ಸುಲಭವಾಗಿ ಮೂಡುತ್ತದೆ; ವಿವರಣೆ ಅಷ್ಟು ಸುಲಭವಾಗಿ ಬರುವುದಿಲ್ಲ. ಹಾಗೇಕೆಂದು ಮಕ್ಕಳು ಕೇಳಿದಾಗ ಮಿಲ್ನರ್ ಅವರ ಕಥೆಯನ್ನು ಹೇಳುವುದು ಸೂಕ್ತ.