ನಾಡಿನ ನಾಡಿ ಹಿಡಿದ ವೈದ್ಯ: ಡಾ. ನಾ. ಸು. ಹರ್ಡೀಕರ

ಅಕ್ಟೋಬರ್ 18 ಶುಭಸಂದೇಶಕಾರ ಸಂತ ಲೂಕರ ಹಬ್ಬ. ಸಂತ ಪೌಲರು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಲೂಕರನ್ನು ವೈದ್ಯರೆಂದು ಪ್ರೀತಿಯಿಂದ ಸ್ಮರಿಸಿದ್ದಾರೆ. ಆದುದರಿಂದಲೇ ಧರ್ಮಸಭೆಯು ಅವರನ್ನು ವೈದ್ಯರ ಪಾಲಕ ಸಂತರೆಂದು ಗೌರವಿಸುತ್ತ ಬಂದಿದೆ. ಆ ದಿನದ ಬಲಿಪೂಜೆಯಲ್ಲಿ ನಾವು ವೈದ್ಯರಿಗಾಗಿಯೂ ದಾದಿಯರಿಗಾಗಿಯೂ ತಪ್ಪದೆ ಪ್ರಾರ್ಥಿಸುತ್ತೇವೆ.

ಹಿಂದೊಮ್ಮೆ ಅದೇ ಹಬ್ಬದ ಪೂಜೆ ಮುಗಿದ ಮೇಲೆ ತಾಯಿಯೊಬ್ಬರು ನಮ್ಮನ್ನು ಕಾಣಲು ಬಂದರು. ಪತಿ ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಮಗ ವೈದ್ಯ. "ಫಾದರ್, ಮಗ ನಗರಸಭೆಗೆ ನಿಲ್ಲುತ್ತೇನೆ ಅನ್ನುತ್ತಾನೆ. ಆ ಕೆಸರಿಗೆ ಇಳಿಯಬೇಡ ಎಂದು ನೀವಾದರೂ ಬುದ್ಧಿ ಹೇಳಿ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಮ್ಮ ಬಳಿ ಸಿದ್ಧ ಉತ್ತರವಿರಲಿಲ್ಲ. ಒಂದು ವಾರ ಬಿಟ್ಟು ಬರಲು ಹೇಳಿ ಕಳುಹಿಸಿದೆವು. ಆ ವಾರವಿಡೀ ನಮ್ಮ ನೆನಪಿಗೆ ಬರುತ್ತಿದ್ದವರು ನಮ್ಮ ನೆರೆಯ ಹುಬ್ಬಳ್ಳಿ-ಧಾರವಾಡದ ನೆಲದಲ್ಲಿ ದುಡಿದ ಡಾ. ನಾರಾಯಣ ಸುಬ್ಬರಾವ ಹರ್ಡೀಕರರು.

ಅವರು ನಮ್ಮ ಮತದವರಲ್ಲ. ಆದರೂ ಈ ಅಂಕಣದಲ್ಲಿ ಅವರ ಸ್ಮರಣೆ ಅಸಂಗತವಾಗದು. ಒಳಿತು ಎಲ್ಲಿ ಕಂಡರೂ ಅದು ದೇವರಿಂದಲೇ ಬಂದುದೆಂದು ನಾವು ನಂಬುತ್ತೇವೆ.

ಔಷಧಾಲಯದಿಂದ ಸೆರೆಮನೆಗೆ

1889ರ ಮೇ 7ರಂದು ಜನಿಸಿದ ಹರ್ಡೀಕರರು ಕಲಕತ್ತೆಯಲ್ಲಿ ವೈದ್ಯ ಶಿಕ್ಷಣ ಪಡೆದು, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ತೆರಳಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಅಭ್ಯಾಸ ಮಾಡಿದರು. ಈ ವಿಷಯದ ಆಯ್ಕೆಯೇ ಅರ್ಥಪೂರ್ಣವಾದುದು. ಒಬ್ಬ ರೋಗಿಯ ನಾಡಿ ನೋಡುವ ವಿದ್ಯೆ ಒಂದು. ಊರಿಗೆ ಊರೇ ಏಕೆ ರೋಗಕ್ಕೆ ತುತ್ತಾಗುತ್ತದೆಂದು ಕೇಳುವ ವಿದ್ಯೆ ಇನ್ನೊಂದು. ಎರಡನೆಯ ಪ್ರಶ್ನೆಯನ್ನು ಕೇಳಿದ ವೈದ್ಯನು ಔಷಧಾಲಯದ ನಾಲ್ಕು ಗೋಡೆಗಳೊಳಗೆ ಬಹುಕಾಲ ನಿಲ್ಲಲಾರ. ಅಮೆರಿಕದಲ್ಲಿದ್ದಾಗಲೇ ಅವರು ಲಾಲಾ ಲಜಪತರಾಯರ ಜೊತೆಗೂಡಿ ಭಾರತದ ಸ್ವರಾಜ್ಯದ ಪರವಾಗಿ ದುಡಿದರು. 1921ರಲ್ಲಿ ತಾಯ್ನಾಡಿಗೆ ಮರಳಿದರು.

ಹಣ, ಕೀರ್ತಿ ಎರಡನ್ನೂ ತರಬಲ್ಲ ವೃತ್ತಿ ಅವರ ಕೈಯಲ್ಲಿತ್ತು. ಅವರು ಆರಿಸಿಕೊಂಡದ್ದು ಹುಬ್ಬಳ್ಳಿಯ ತರುಣರನ್ನು ಕೂಡಿಸಿ ಸೇವಾ ಮಂಡಲ ಕಟ್ಟುವ ಕೆಲಸವನ್ನು. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಈ ತರುಣರು ಸೆರೆಮನೆ ಸೇರಿದರು. ಕ್ಷಮಾಪಣೆ ಬರೆದುಕೊಟ್ಟರೆ ಬಿಡುಗಡೆಯೆಂದು ಸರಕಾರ ಆಸೆ ತೋರಿದಾಗಲೂ ಅವರು ಬಗ್ಗಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡದಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನವು ಅಖಿಲ ಭಾರತ ಮಟ್ಟದ ಸ್ವಯಂಸೇವಕ ಸಂಸ್ಥೆಗೆ ಒಪ್ಪಿಗೆ ನೀಡಿತು. ಹಿಂದುಸ್ಥಾನಿ ಸೇವಾದಳ ಹುಟ್ಟಿದ್ದು ಹೀಗೆ. ಜವಾಹರಲಾಲ ನೆಹರೂ ಅದರ ಬೆಂಬಲಕ್ಕೆ ನಿಂತರು.

ವಿರೋಧವೂ ಇತ್ತು. ಅಹಿಂಸೆಯನ್ನು ಬೋಧಿಸುವ ಸಂಸ್ಥೆಯೊಳಗೆ ಸೈನಿಕರ ಶಿಸ್ತು, ಕವಾಯತು ಏಕೆಂದು ಕಾಂಗ್ರೆಸ್ಸಿಗರೇ ಕೇಳಿದರು. ಉತ್ತರ ಬೆಳಗಾವಿಯಲ್ಲಿ ದೊರೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವಾದ 1924ರ ಆ ಮಹಾಸಭೆಯಲ್ಲಿ ಸೇವಾದಳದ ಸ್ವಯಂಸೇವಕರು ಜನಸಂದಣಿಯ ಭಾರ ಹೊತ್ತರು. ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರು 150ಕ್ಕೂ ಹೆಚ್ಚು ಮಹಿಳೆಯರನ್ನು ಸ್ವಯಂಸೇವಕಿಯರನ್ನಾಗಿ ಕರೆತಂದರು. ಮನೆಯ ಹೊಸ್ತಿಲು ದಾಟುವುದೇ ಸಾಹಸವಾಗಿದ್ದ ಕಾಲವದು. 1931ರಲ್ಲಿ ಕಾಂಗ್ರೆಸ್ ಸೇವಾದಳವನ್ನು ತನ್ನ ಅಧಿಕೃತ ಸ್ವಯಂಸೇವಕ ಸಂಸ್ಥೆಯಾಗಿ ಸ್ವೀಕರಿಸಿತು. ಮರುವರ್ಷವೇ ಬ್ರಿಟಿಷ್ ಸರಕಾರ ಅದನ್ನು ನಿಷೇಧಿಸಿತು.

ಸ್ವಾತಂತ್ರ್ಯಾನಂತರ, 1952ರಿಂದ 1962ರವರೆಗೆ, ಹರ್ಡೀಕರರು ರಾಜ್ಯಸಭೆಯ ಸದಸ್ಯರಾಗಿದ್ದರು. 1958ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು. ಘಟಪ್ರಭೆಯ ಆರೋಗ್ಯಧಾಮದೊಂದಿಗೂ ಅವರ ಹೆಸರು ಬೆರೆತಿದೆ. ರಾಜಕಾರಣಿಯಾದ ವೈದ್ಯರು ವೈದ್ಯವನ್ನು ಮರೆಯಲಿಲ್ಲ. 1975ರ ಆಗಸ್ಟ್ 26ರಂದು ಅವರು ಕಣ್ಮುಚ್ಚಿದರು.

ಕಹಿ ಮದ್ದು, ಸಿಹಿ ಮಾತು

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಪ್ಲೇಟೋನ ಗೋರ್ಗಿಯಾಸ್ ಸಂವಾದದಲ್ಲಿ ನಾವು ಕಂಡ ಒಂದು ಪ್ರಸಂಗ ಇಂದಿಗೂ ಮನಸ್ಸಿನಲ್ಲಿ ಉಳಿದಿದೆ. ವೈದ್ಯನೊಬ್ಬನ ಮೇಲೆ ಅಡುಗೆಯವನು ಮಕ್ಕಳ ಮುಂದೆ ದೂರು ಕೊಟ್ಟರೆ ಏನಾದೀತೆಂದು ಸಾಕ್ರೆಟೀಸ್ ಕೇಳುತ್ತಾನೆ. ಈತ ನಿಮಗೆ ಕಹಿ ಕುಡಿಸಿದ, ಉಪವಾಸ ಹಾಕಿದ. ನಾನಾದರೋ ಸಿಹಿ ತಿನ್ನಿಸಿದೆ ಎಂದು ಅಡುಗೆಯವನು ವಾದಿಸಿದರೆ ಮಕ್ಕಳು ಯಾರ ಪರ ತೀರ್ಪು ಕೊಟ್ಟಾರು? ಚುನಾವಣೆಯ ಕಾಲದಲ್ಲಿ ನಮ್ಮ ಓಣಿಗಳಲ್ಲಿ ಓಡಾಡಿದರೆ ಈ ಪ್ರಶ್ನೆ ಎಷ್ಟು ತಾಜಾ ಎಂಬುದು ತಿಳಿಯುತ್ತದೆ. ಹರ್ಡೀಕರರು ಜನರಿಗೆ ಕೊಟ್ಟದ್ದು ಕಹಿ ಮದ್ದನ್ನೇ. ಬೆಳಿಗ್ಗೆ ಬೇಗ ಏಳು, ಸಾಲಿನಲ್ಲಿ ನಿಲ್ಲು, ಸೆರೆಮನೆಗೆ ಹೋದರೆ ಕ್ಷಮೆ ಕೇಳಬೇಡ - ಇಂಥ ಮದ್ದಿಗೆ ಚಪ್ಪಾಳೆ ಕಡಿಮೆ. ಇಂದು ಅವರ ಹೆಸರನ್ನು ಬಲ್ಲವರು ವಿರಳವಾಗಿರುವುದು ಆಶ್ಚರ್ಯವಲ್ಲ.

ನಮ್ಮ ತಾಲೂಕುಗಳ ಸ್ಥಿತಿಯನ್ನೇ ನೋಡೋಣ. ನೀರನ್ನು ಕುದಿಸಿ ಕುಡಿಯಿರಿ ಎಂದು ವೈದ್ಯರು ಹೇಳಬಹುದು. ನಲ್ಲಿಗೆ ಶುದ್ಧ ನೀರು ಬಿಡುವುದು ನಗರಸಭೆಯ ಕೆಲಸ. ಜೋಯಿಡಾದ ಕಾಡಿನ ಹಳ್ಳಿಯ ಗರ್ಭಿಣಿಯನ್ನು ದೊಡ್ಡಾಸ್ಪತ್ರೆಗೆ ಒಯ್ಯಿರಿ ಎಂದು ಚೀಟಿ ಬರೆಯಬಹುದು. ರಸ್ತೆ, ಸೇತುವೆ, ಆಂಬುಲೆನ್ಸ್ ಚೀಟಿಯಿಂದ ಬರುವುದಿಲ್ಲ. ರಾಜಕೀಯವನ್ನು ಪರಸ್ಪರ ಪ್ರೀತಿಯ ಅತಿ ವಿಶಾಲ ಕ್ಷೇತ್ರವೆಂದು ಜಗದ್ಗುರು ಹನ್ನೊಂದನೆಯ ಪಿಯುಸ್‌ರವರು 1927ರಲ್ಲಿಯೇ ಕಂಡಿದ್ದರು. ದ್ವಿತೀಯ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ಜನಹಿತಕ್ಕಾಗಿ ಅಧಿಕಾರದ ಹೊಣೆ ಹೊರುವವರನ್ನು ಮೆಚ್ಚಿ ಮಾತಾಡಿದೆ. ಪಕ್ಷ ರಾಜಕಾರಣದಿಂದ ಗುರುಗಳು ದೂರವಿರಬೇಕೆಂಬುದು ಧರ್ಮಸಭೆಯ ನಿಯಮ. ಅದು ಶ್ರೀಸಾಮಾನ್ಯ ಕ್ರೈಸ್ತರ ಕ್ಷೇತ್ರ. ಯಾವ ಪಕ್ಷವೆಂಬುದನ್ನು ಅವರವರ ಮನಸ್ಸಾಕ್ಷಿ ನಿರ್ಧರಿಸಲಿ.

ತಾಯಿಗೆ ನಮ್ಮ ಉತ್ತರ

ವಾರ ಕಳೆದು ತಾಯಿ, ಮಗ ಇಬ್ಬರೂ ಬಂದರು. ಮಗನನ್ನು ನಾವು ಮೂರು ಪ್ರಶ್ನೆ ಕೇಳಿದೆವು. ಗೆದ್ದ ಮೇಲೂ ಬಡ ರೋಗಿಗಳಿಗೆಂದು ವಾರದಲ್ಲಿ ಕೆಲವು ತಾಸು ಮೀಸಲಿಡುವೆಯಾ? ಓಟು ಹೋದರೂ ಸರಿ, ಜನರಿಗೆ ಕಹಿ ಸತ್ಯವನ್ನು ಹೇಳುವೆಯಾ? ನಿನಗೆ ಓಟು ಹಾಕದವನ ಮನೆಯ ಮುಂದಿನ ಗಟಾರವನ್ನೂ ತೆಗೆಸುವೆಯಾ? ಆತ ತಕ್ಷಣ ಉತ್ತರಿಸಲಿಲ್ಲ. ಆ ಮೌನ ನಮಗೆ ಹಿಡಿಸಿತು.

ತಾಯಿಯ ಕಡೆ ತಿರುಗಿ, "ಇಳಿಯಬೇಡ ಎಂದು ನಾವು ಹೇಳಲಾರೆವಮ್ಮ. ಕೆಸರಿದೆಯೆಂದು ಎಲ್ಲರೂ ದೂರ ನಿಂತರೆ ಅದನ್ನು ತೆಗೆಯುವವರು ಯಾರು?" ಎಂದೆವು. ಅವರಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ. "ಹಾಗಾದರೆ ಅವನಿಗಾಗಿ ಪ್ರಾರ್ಥಿಸಿ ಫಾದರ್. ಡಾಕ್ಟರುಗಳಿಗೆ ಪ್ರಾರ್ಥಿಸುತ್ತೀರಿ, ನರ್ಸುಗಳಿಗೆ ಪ್ರಾರ್ಥಿಸುತ್ತೀರಿ. ಇಂಥವರಿಗಾಗಿ ಪೂಜೆಯಲ್ಲಿ ಪ್ರಾರ್ಥಿಸಿದ್ದನ್ನು ನಾನು ಕೇಳಿಯೇ ಇಲ್ಲ" ಎಂದರು.

ಆ ಮಾತು ನಿಜವಾಗಿತ್ತು. ಇಷ್ಟು ವರ್ಷ ಪೀಠದ ಬಳಿ ನಿಂತು ರಾಜಕೀಯ ಕೆಟ್ಟಿದೆಯೆಂದು ನಾವೂ ಬೋಧಿಸಿದ್ದೆವು. ಅದರೊಳಗೆ ಕಾಲಿಡುವ ಒಬ್ಬನಿಗಾಗಿಯೂ ಹೆಸರು ಹಿಡಿದು ಪ್ರಾರ್ಥಿಸಿರಲಿಲ್ಲ. ಮುಂದಿನ ಭಾನುವಾರದಿಂದ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಒಂದು ಕೋರಿಕೆಯನ್ನು ಸೇರಿಸಿದೆವು. ನಿಮ್ಮ ಮನೆಯ ಸಂಜೆಯ ಜಪಮಾಲೆಯಲ್ಲಿಯೂ ಅದಕ್ಕೊಂದು ಸ್ಥಾನವಿರಲಿ.