ನಿಮಗಿದು ಗೊತ್ತೆ? ಬಿಡದಿಯಲ್ಲೇ ಹುಟ್ಟಿದ ಅಕ್ಕ-ತಂಗಿ
ಮಾರುತಿ ಸುಜುಕಿಯ ಗ್ರ್ಯಾಂಡ್ ವಿಟಾರಾ ಉತ್ತರ ಭಾರತದಿಂದ ಬಂತೆಂದು ತಿಳಿದಿದ್ದೀರಾ? 2022ರಲ್ಲಿ ಅದು ರಸ್ತೆಗಿಳಿದದ್ದು ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಿಂದ. ಅದರ ಒಡಹುಟ್ಟು, ಟೊಯೋಟಾದ ಹೈರೈಡರ್ ಕೂಡ ಅಲ್ಲಿಯದೇ. 2000ದಲ್ಲಿ ಮನೆಮಂದಿಯನ್ನೆಲ್ಲ ಹೊತ್ತೊಯ್ದ ಕ್ವಾಲಿಸ್‌ಗೂ ಅದೇ ತವರು!

ಗ್ರ್ಯಾಂಡ್ ವಿಟಾರಾ, ಹೈರೈಡರ್‌ಗಳ ಸ್ಟ್ರಾಂಗ್ ಹೈಬ್ರಿಡ್ ಮಾದರಿಗೆ ಮನೆಯಲ್ಲಿ ಚಾರ್ಜಿಂಗ್ ಬೇಕಿಲ್ಲ. ಬ್ರೇಕ್ ಒತ್ತಿದಾಗ ಚಕ್ರದ ವೇಗವೇ ವಿದ್ಯುತ್ತಾಗಿ ಬ್ಯಾಟರಿ ಸೇರುತ್ತದೆ. ನಿಧಾನ ಸಂಚಾರದಲ್ಲಿ ಆ ವಿದ್ಯುತ್ತೇ ಗಾಡಿ ಎಳೆಯುತ್ತದೆ, ಎಂಜಿನ್ ಸುಮ್ಮನಿರುತ್ತದೆ. ಹಾಗಾಗಿ ಟ್ರಾಫಿಕ್ಕಿನಲ್ಲೇ ಇದರ ಉಳಿತಾಯ ಎದ್ದು ಕಾಣುವುದು. ಪರೀಕ್ಷಾ ಮೈಲೇಜ್ ಲೀಟರಿಗೆ 27.97 ಕಿ.ಮೀ. ನಿತ್ಯದ ಓಡಾಟದಲ್ಲಿ ಅಷ್ಟು ಸಿಗದು. ಹೈಬ್ರಿಡ್ ಕೊಳ್ಳುವಾಗಿನ ಹೆಚ್ಚುವರಿ ಬೆಲೆ ತಿಂಗಳಿಗೆ ಸಾಕಷ್ಟು ಓಡಿಸುವವರಿಗಷ್ಟೇ ಬೇಗ ಮರಳುತ್ತದೆ. ವಾರಕ್ಕೊಮ್ಮೆ ತಟ್ಟೆ ಇಡ್ಲಿಗೆಂದು ಬಿಡದಿಗೆ ಬರುವ ಕುಟುಂಬಕ್ಕೆ ಸಾದಾ ಪೆಟ್ರೋಲ್ ಮಾದರಿಯೇ ಸಾಕು.